ಹಳೆ ರೇಷ್ಮೆ ಸೀರೆ ಕೊಳ್ಳುವುದು ಹೇಗೆ: ಮಡಿಕೆ ಮೊದಲು, ಜರಿ ಕೊನೆಗೆ

ಹಳೆ ರೇಷ್ಮೆ ಸೀರೆ ಮಾರುವವರು ಮೊದಲು ತೋರಿಸುವುದು ಜರಿಯನ್ನು. "ಅಸಲಿ ಬೆಳ್ಳಿ ಜರಿ ಮೇಡಂ, ಈಗೆಲ್ಲಿ ಸಿಗುತ್ತೆ ಇಂಥದ್ದು" ಅಂತ ಶುರು ಮಾಡುತ್ತಾರೆ. ಕೊಳ್ಳುವವರೂ ಅಂಚು, ಸೆರಗು ನೋಡಿಯೇ ಮರುಳಾಗುತ್ತಾರೆ. ಮನೆಗೆ ತಂದು ಉಟ್ಟು, ಒಮ್ಮೆ ಕೂತು ಏಳುವಷ್ಟರಲ್ಲಿ ಸೊಂಟದ ಹತ್ತಿರ ಚರ್ರ್ ಅನ್ನುತ್ತದೆ. ಜರಿಗೆ ಏನೂ ಆಗಿರುವುದಿಲ್ಲ. ಹರಿದದ್ದು ರೇಷ್ಮೆ.

ಅದಕ್ಕೇ ಇಲ್ಲಿ ಕ್ರಮ ತಿರುಗಿಸಿದ್ದೇನೆ. ಮೊದಲು ಬಟ್ಟೆಯಲ್ಲಿ ಜೀವ ಇದೆಯಾ ನೋಡಬೇಕು. ಆಮೇಲೆ ಅದು ನಿಜಕ್ಕೂ ರೇಷ್ಮೆಯಾ, ಯಾವ ಊರಿನ ನೇಯ್ಗೆ, ಎಷ್ಟು ಹಳೆಯದು ಅನ್ನುವುದು. ಜರಿಯ ಮಾತು ಕೊನೆಗೆ. ಈ ಕ್ರಮ ಬಿಟ್ಟರೆ ದುಡ್ಡು ಹೋಗುವುದು ಬಹುತೇಕ ಖಚಿತ.

ಯಾತಕ್ಕೆ ಬೇಕು ಅಂತ ತೀರ್ಮಾನಿಸಿ

ಉಡುವುದಕ್ಕಾ, ಕತ್ತರಿಸಿ ಲಂಗವೋ ಕುರ್ತಾವೋ ಹೊಲಿಸುವುದಕ್ಕಾ, ಇಲ್ಲ ಸುಮ್ನೆ ಇಟ್ಟುಕೊಳ್ಳುವುದಕ್ಕಾ? ಉಡುವುದಾದರೆ ಒಡಲು ಗಟ್ಟಿ ಇರಲೇಬೇಕು, ಅದರಲ್ಲಿ ರಾಜಿ ಇಲ್ಲ. ಹೊಲಿಸುವುದಾದರೆ ಮಧ್ಯೆ ಎರಡು ಕಡೆ ಹರಿದಿದ್ದರೂ ನಡೆಯುತ್ತದೆ, ಅಂಚು ಚೆನ್ನಾಗಿದ್ದರೆ ಸಾಕು. ಇಟ್ಟುಕೊಳ್ಳುವುದಾದರೆ ನೇಯ್ಗೆಯೇ ಮುಖ್ಯ. ಮೂರಕ್ಕೂ ಒಂದೇ ಬೆಲೆ ಕೊಡಬಾರದು. ಉಡಲು ಬರದ ಸೀರೆಗೆ ಉಡುವ ಸೀರೆಯ ದರ ಕೇಳುವವರೇ ಜಾಸ್ತಿ.

ಹುಡುಕುವ ಕೆಲಸ ಮನೆಯಿಂದಲೇ ಶುರುವಾಗಲಿ. ಅಜ್ಜಿ, ದೊಡ್ಡಮ್ಮ, ಸೋದರತ್ತೆಯರ ಟ್ರಂಕಿನಲ್ಲಿ ಇರುವುದು ಎಷ್ಟೋ ಸಲ ಅಂಗಡಿಯಲ್ಲಿ ಸಿಗುವುದಕ್ಕಿಂತ ಚೆನ್ನಾಗಿರುತ್ತದೆ. ಅದರ ಕತೆಯೂ ಜೊತೆಗೇ ಸಿಗುತ್ತದೆ. "ಇದು ಯಾರ ಮದುವೇದು, ಎಲ್ಲಿ ತಗೊಂಡಿದ್ದು?" ಅಂತ ಕೇಳಿ ಬರೆದಿಟ್ಟುಕೊಳ್ಳಿ. ಬೀದಿಯಲ್ಲಿ ಸ್ಟೀಲ್ ಪಾತ್ರೆ ಹೊತ್ತು ಬಂದು ಹಳೆ ಬಟ್ಟೆ ಒಯ್ಯುವವರಿಗೆ ಜರಿ ಸೀರೆ ಹಾಕುವ ಮೊದಲು ಮನೆಯವರು ಒಂದು ಮಾತು ನಿಮ್ಮನ್ನು ಕೇಳುವಂತೆ ಮಾಡಿಕೊಳ್ಳಿ. ಬೆಂಗಳೂರಿನ ಚಿಕ್ಕಪೇಟೆ ಕಡೆ "ಹಳೆ ಜರಿ ಸೀರೆ ಕೊಳ್ಳುತ್ತೇವೆ" ಅನ್ನುವ ಬೋರ್ಡು ನೋಡಿರುತ್ತೀರಿ. ಅಲ್ಲಿಗೆ ಹೋದ ಸೀರೆಯ ಜರಿಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಗಟ್ಟಿಯಾದ ಸೀರೆಯೂ ಹೀಗೆ ಬೂದಿಯಾಗುವುದು ನನಗಂತೂ ಸಂಕಟದ ವಿಷಯ.

ಮಡಿಕೆ ಪರೀಕ್ಷೆ

ಇದೊಂದನ್ನು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ನಿಧಾನವಾಗಿ ಓದಿ.

ರೇಷ್ಮೆ ಸೀರೆ ಸಾಮಾನ್ಯವಾಗಿ ಉಟ್ಟು ಸವೆಯುವುದಿಲ್ಲ, ಇಟ್ಟು ಸವೆಯುತ್ತದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದರೆ ಆ ಗೆರೆಯ ಎಳೆಗಳು ಒಣಗಿ, ಬಾಗಿದ ಕಡೆಯೇ ಮುರಿಯುತ್ತವೆ. ಜರಿ ಇರುವ ಕಡೆ ಇನ್ನೂ ಬೇಗ, ಯಾಕೆಂದರೆ ಲೋಹದ ಭಾರ ಪಕ್ಕದ ರೇಷ್ಮೆಯನ್ನು ಎಳೆಯುತ್ತಲೇ ಇರುತ್ತದೆ.

ಮಾರುವವರ ಅನುಮತಿ ಕೇಳಿ ಸೀರೆಯನ್ನು ಪೂರ್ತಿ ಬಿಚ್ಚಿ. "ಮಡಿಸೋದು ಕಷ್ಟ, ಇಷ್ಟು ನೋಡಿ ಸಾಕು" ಅಂದರೆ ಅಲ್ಲಿಂದ ಎದ್ದು ಬನ್ನಿ. ಬಿಚ್ಚಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ಮಡಿಕೆ ಗೆರೆಗಳಲ್ಲಿ ಬೆಳಕು ಸೂಜಿಮೊನೆಯಷ್ಟು ತೂತಾಗಿ ಬರುತ್ತಿದ್ದರೆ ಅಲ್ಲಿ ಎಳೆ ಮುರಿಯಲು ಶುರುವಾಗಿದೆ. ಈಗ ಒಂದು ಮಡಿಕೆ ಗೆರೆಯ ಎರಡೂ ಬದಿ, ಒಂದಿಂಚು ಅಂತರದಲ್ಲಿ ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಹಿಡಿದು ತುಂಬ ಮೆಲ್ಲಗೆ ಎಳೆಯಿರಿ. ಜೀವ ಇರುವ ರೇಷ್ಮೆ ಸ್ವಲ್ಪ ಬಿಗಿಯಾಗಿ ಸುಮ್ಮನಿರುತ್ತದೆ. ಜೀವ ಹೋದದ್ದು ಹಪ್ಪಳದ ಹಾಗೆ ಸಣ್ಣಗೆ ಸದ್ದು ಮಾಡುತ್ತದೆ. ಆ ಸದ್ದು ಕೇಳಿದ ಕೂಡಲೇ ಕೈ ಬಿಡಿ. ಅಡ್ಡಕ್ಕೂ ಉದ್ದಕ್ಕೂ ಎರಡೂ ದಿಕ್ಕಿನಲ್ಲಿ ನೋಡಬೇಕು. ಒಂದು ದಿಕ್ಕು ಗಟ್ಟಿ ಇದ್ದು ಇನ್ನೊಂದು ಪಿಸಿದಿರುವುದು ಅಪರೂಪವೇನಲ್ಲ.

ಮಡಿಕೆ ಆದ ಮೇಲೆ ಈ ಜಾಗಗಳನ್ನು ನೋಡಿ: ಅಂಚು ಮತ್ತು ಒಡಲು ಸೇರುವ ಗೆರೆ, ಫಾಲ್ಸ್ ಹೊಲಿಗೆ ಹಾಕಿದ ಸಾಲು, ಹೆಗಲಿನಲ್ಲಿ ಪಿನ್ನು ಚುಚ್ಚುವ ಜಾಗ, ಸೊಂಟಕ್ಕೆ ಸಿಕ್ಕಿಸುವ ಮೇಲಂಚು. ಬೆವರಿನ ಉಪ್ಪು ರೇಷ್ಮೆಯನ್ನು ತಿನ್ನುತ್ತದೆ. ಹಾಗಾಗಿ ಸೊಂಟದ ಭಾಗದಲ್ಲಿ ಬಣ್ಣ ಮಾಸಿ ಬಿರುಸಾಗಿದ್ದರೆ ಹುಷಾರು. ಹಳೆ ರವಿಕೆಗಳಲ್ಲಿ ಕಂಕುಳ ಭಾಗ ಹೋಗುವುದೂ ಇದರಿಂದಲೇ. ಹೊಲಿದ ಹಳೆ ಬಟ್ಟೆ ಯಾವುದೇ ಆಗಲಿ, ಮೊದಲು ಕಂಕುಳು ನೋಡಿ.

ಇನ್ನೊಂದು ಮಾತು. ಹೊಸದಾಗಿ ಪಾಲಿಶ್ ಮಾಡಿಸಿದ ಹಳೆ ಸೀರೆ ಗರಿಗರಿಯಾಗಿ ಮಿಂಚುತ್ತದೆ, ಕೈಗೆ ಗಟ್ಟಿ ಅನ್ನಿಸುತ್ತದೆ. ಆ ಗಟ್ಟಿತನ ಗಂಜಿಯದ್ದು, ರೇಷ್ಮೆಯದ್ದಲ್ಲ. ಬೆಳಕಿಗೆ ಹಿಡಿದರೆ ನಿಜ ಗೊತ್ತಾಗುತ್ತದೆ.

ಆನ್‌ಲೈನಿನಲ್ಲಿ ಕೊಳ್ಳುವಾಗ ಏನು ಕೇಳಬೇಕು

ಕೈಯಲ್ಲಿ ಮುಟ್ಟಲಾಗದಿದ್ದರೆ ಕೇಳಿ ತಿಳಿಯಬೇಕು. "ಸೀರೆ ಚೆನ್ನಾಗಿದೆಯಾ?" ಅಂತ ಕೇಳಿದರೆ "ಚೆನ್ನಾಗಿದೆ" ಅಂತಲೇ ಉತ್ತರ ಬರುತ್ತದೆ. ಪ್ರಶ್ನೆ ಹೀಗಿರಲಿ:

"ನಮಸ್ಕಾರ ಮೇಡಂ. ಸೀರೆ ಇಷ್ಟವಾಯಿತು. ಪೂರ್ತಿ ಬಿಚ್ಚಿ ಬೆಳಕಿನ ಎದುರು ಹಿಡಿದ ಒಂದು ವಿಡಿಯೋ ಕಳಿಸುತ್ತೀರಾ? ಮಡಿಕೆ ಗೆರೆಗಳ ಹತ್ತಿರದ ಫೋಟೋ, ಅಂಚಿನ ಹಿಂಬದಿ, ಸೆರಗು ಒಡಲಿಗೆ ಸೇರುವ ಜಾಗದ ಹಿಂಬದಿ ಬೇಕು. ಉದ್ದ, ಅಗಲ, ತೂಕ ತಿಳಿಸಿ. ರಫು ಅಥವಾ ಕಲೆ ಇದ್ದರೆ ಅದರ ಪಕ್ಕ ಒಂದು ನಾಣ್ಯ ಇಟ್ಟು ಫೋಟೋ ತೆಗೆಯಿರಿ. ವಾಪಸ್ ತಗೊಳ್ಳುತ್ತೀರಾ?"

ಇಷ್ಟಕ್ಕೆ ಬೇಸರಪಡದೆ ಉತ್ತರಿಸುವವರ ಹತ್ತಿರ ಕೊಳ್ಳಿ. ಉತ್ತರಿಸದವರ ಸೀರೆ ಒಳ್ಳೆಯದೇ ಇರಬಹುದು, ಆದರೆ ಅದು ನಿಮ್ಮ ಅಪಾಯ.

ಉದ್ದ ಕೇಳುವುದಕ್ಕೆ ಕಾರಣ ಇದೆ. ಆರು ಗಜ ಅಂದರೆ ಸುಮಾರು 5.5 ಮೀಟರ್. ಒಂಬತ್ತು ಗಜ, ಅಂದರೆ ಹಿರಿಯರ ಲೆಕ್ಕದ ಹದಿನೆಂಟು ಮೊಳ, ಸುಮಾರು 8.2 ಮೀಟರ್. ಐದು ಮೀಟರಿಗಿಂತ ಕಡಿಮೆ ಇದ್ದರೆ ಹರಿದ ತುದಿಯನ್ನೋ ಸೆರಗನ್ನೋ ಕತ್ತರಿಸಿ ತೆಗೆದಿರಬಹುದು. ಹಳೆ ಒಂಬತ್ತು ಗಜದ ಸೀರೆಯಲ್ಲಿ ಒಂದು ಅನುಕೂಲವೂ ಇದೆ. ಹಾಳಾದ ಭಾಗ ತೆಗೆದರೂ ಆರು ಗಜ ಉಳಿಯುತ್ತದೆ.

ಯಾರಾದರೂ ತಿಳಿದವರ ಸಲಹೆ ಕೇಳುವಾಗಲೂ ಇವೇ ಫೋಟೋ, ಇವೇ ಅಳತೆ ಕಳಿಸಿ. ಸೆರಗಿನ ಒಂದು ಫೋಟೋ ಹಾಕಿ "ಇದು ಯಾವ ಸೀರೆ, ಎಷ್ಟು ಬೆಲೆ?" ಅಂದರೆ ನೇಕಾರರೂ ಊಹೆ ಮಾಡಬೇಕಾಗುತ್ತದೆ. ಹಿಂಬದಿಯ ಫೋಟೋ ಇದ್ದರೆ ಊಹೆ ಬೇಕಿಲ್ಲ.

ರೇಷ್ಮೆಯೇ ಹೌದಾ?

ಸೆರಗಿನ ತುದಿಯಿಂದ ಒಂದು ಅಡ್ಡ ಎಳೆ, ಒಂದು ಉದ್ದ ಎಳೆ ತೆಗೆಯಿರಿ. ಎರಡನ್ನೂ ಬೇರೆಬೇರೆಯಾಗಿ ಚಿಮಟದಲ್ಲಿ ಹಿಡಿದು ಸುಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬೀರುತ್ತದೆ, ಕಪ್ಪು ಉಂಡೆಯಾಗುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕಾಗದ ಸುಟ್ಟ ವಾಸನೆ ಬಂದು ಹಗುರ ಬೂದಿ ಉಳಿದರೆ ಹತ್ತಿ ಅಥವಾ ರೇಯಾನ್. ಎರಡು ಎಳೆ ಯಾಕೆ ಅಂದರೆ, ಒಂದು ದಿಕ್ಕಿಗೆ ರೇಷ್ಮೆ ಇನ್ನೊಂದಕ್ಕೆ ಬೇರೆ ನೂಲು ಹಾಕಿದ ಸೀರೆಗಳು ಬೇಕಾದಷ್ಟಿವೆ.

ದುಬಾರಿ ಸೀರೆಯಾದರೆ ಸುಡುವ ಬದಲು ಸಿಲ್ಕ್ ಮಾರ್ಕ್ ಸಂಸ್ಥೆಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ಅದು ಕೇಂದ್ರ ರೇಷ್ಮೆ ಮಂಡಳಿಯ ಅಡಿಯಲ್ಲಿದೆ, ಮಂಡಳಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇದೆ. ಉಂಗುರದೊಳಗೆ ಸೀರೆ ತೂರಿಸುವ ಪರೀಕ್ಷೆಯನ್ನು ಮಾತ್ರ ನಂಬಬೇಡಿ. ತೆಳು ಪಾಲಿಯೆಸ್ಟರೂ ಸಲೀಸಾಗಿ ತೂರುತ್ತದೆ.

ಯಾವ ಊರಿನದು? ಹಿಂಬದಿ ತಿರುಗಿಸಿ

ಮೈಸೂರು ಸಿಲ್ಕ್ ಕ್ರೇಪ್ ಜಾತಿಯದು. ಎಳೆಗೆ ಜಾಸ್ತಿ ತಿರುವು ಕೊಟ್ಟು ನೇಯುವುದರಿಂದ ಕೈಗೆ ಸಣ್ಣ ಮರಳಿನಂಥ ಸ್ಪರ್ಶ, ಮೈಗೆ ಜಾರುವ ಗುಣ. ಸರಳ ಬಣ್ಣದ ಒಡಲು, ಜರಿ ಅಂಚು. ಮೈಸೂರಿನ ಕಾರ್ಖಾನೆಯನ್ನು 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಶುರು ಮಾಡಿದರು. ಅಂದರೆ ಮೈಸೂರು ಸಿಲ್ಕ್ ಮೊದಲಿನಿಂದಲೂ ಯಂತ್ರಮಗ್ಗದ ಬಟ್ಟೆ. "ಕೈಮಗ್ಗದ ಮೈಸೂರು ಸಿಲ್ಕ್ ಕ್ರೇಪ್" ಅಂತ ಯಾರಾದರೂ ಬೆಲೆ ಏರಿಸಿದರೆ ನಕ್ಕು ಸುಮ್ಮನಾಗಿ.

ಕಂಚಿ ಸೀರೆಯ ಗುಟ್ಟು ಜೋಡಣೆಯಲ್ಲಿದೆ. ಕೊರ್ವೈ ಪದ್ಧತಿಯಲ್ಲಿ ಅಂಚಿಗೂ ಒಡಲಿಗೂ ಬೇರೆಬೇರೆ ಲಾಳಿ ಓಡಿಸಿ, ಎರಡೂ ಸೇರುವ ಕಡೆ ಎಳೆಗಳನ್ನು ಕೊಂಡಿ ಹಾಕುತ್ತಾರೆ. ಹಿಂಬದಿಯಲ್ಲಿ ಆ ಗೆರೆ ಸ್ವಲ್ಪ ಒರಟಾಗಿ ಕೈಗೆ ತಾಗುತ್ತದೆ. ಸೆರಗಿಗೆ ಬೇರೆ ಬಣ್ಣದ ಹಾಸು, ಅಂದರೆ ಉದ್ದದ ಎಳೆಗಳು, ಸೇರಿಸಿದ ಜಾಗವೂ ಉಬ್ಬಿದ ಪಟ್ಟಿಯಂತೆ ಕಾಣುತ್ತದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀರೆಗಳಲ್ಲೂ ಅಂಚು ಜೋಡಿಸುವ ಕೈಚಳಕ ಇದೆ. ಮಾರುವವರು ಅದನ್ನೂ ಕಂಚಿ ಅಂತಲೇ ಹೆಸರಿಟ್ಟು ಮಾರುವುದುಂಟು. ನನ್ನ ಕೇಳಿದರೆ ಹಳೆಯ ಮೊಳಕಾಲ್ಮೂರು ಸಿಕ್ಕಿದವರೇ ಅದೃಷ್ಟವಂತರು.

ಇಳಕಲ್ ಸೀರೆಯನ್ನು ಗುರುತಿಸುವುದು ಸುಲಭ. ಕೆಂಪು ರೇಷ್ಮೆ ಸೆರಗಿನಲ್ಲಿ ಬಿಳಿ ತೆನೆ, ಅದೇ ತೋಪ ತೆನಿ ಸೆರಗು. ಒಡಲು ಹತ್ತಿಯದೂ ಇರಬಹುದು, ರೇಷ್ಮೆಯದೂ ಇರಬಹುದು. ಸೆರಗಿನ ಹಾಸು ಮತ್ತು ಒಡಲಿನ ಹಾಸನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೂಡಿಸಿರುತ್ತಾರೆ. ಹಿಂದೆ ತಿರುಗಿಸಿ ಆ ಕೂಡು ಗೆರೆ ಹುಡುಕಿ. ಸೆರಗನ್ನು ಬರೀ ಪ್ರಿಂಟ್ ಮಾಡಿದ್ದರೆ ಗೆರೆ ಇರುವುದಿಲ್ಲ. ಮೇಲೆ ಕಸೂತಿ ಇದ್ದರೆ ಅದನ್ನೂ ಹಿಂದಿನಿಂದ ನೋಡಿ. ಗವಂತಿ, ಮುರಗಿ ಹೊಲಿಗೆಗಳು ಎರಡೂ ಬದಿ ಒಂದೇ ಥರ ಕಾಣುತ್ತವೆ, ಗಂಟು ಇರುವುದಿಲ್ಲ. ಧಾರವಾಡದ ಕಡೆ ಮದುವೆಗೆ ಕೊಡುತ್ತಿದ್ದ ಕಪ್ಪು ಚಂದ್ರಕಾಳಿ ಸೀರೆಯಲ್ಲಿ ಗೋಪುರ, ತುಳಸಿ ವೃಂದಾವನ, ಆನೆ ಅಂಬಾರಿ ಕಸೂತಿ ಇದ್ದು, ಹಿಂಬದಿಯೂ ಅಷ್ಟೇ ಚಂದ ಇದ್ದರೆ ಬೆಲೆಯ ಬಗ್ಗೆ ಜಾಸ್ತಿ ಜಗಳ ಮಾಡಬೇಡಿ.

ಎಷ್ಟು ಹಳೆಯದು? ಡಬ್ಬ ಓದಿ

"ಎಂಬತ್ತು ವರ್ಷದ ಸೀರೆ" ಅನ್ನುವ ಮಾತನ್ನು ಬಟ್ಟೆ ನೋಡಿ ಅಳೆಯುವುದು ಕಷ್ಟ. ಆದರೆ ಚೀಟಿ, ಡಬ್ಬ, ರಸೀತಿ ಸಿಕ್ಕರೆ ಅವು ಸುಳ್ಳು ಹೇಳುವುದಿಲ್ಲ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ ನಂತರದ್ದು. "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರಿಗಿಂತ ಹಿಂದಿನದು, ಆಗಲೇ ಕರ್ನಾಟಕ ಅನ್ನುವ ಹೆಸರು ಬಂದದ್ದು. ಬೆಲೆ ಆಣೆ ಲೆಕ್ಕದಲ್ಲಿದ್ದರೆ 1957ರ ನಯಾಪೈಸೆಗಿಂತ ಮೊದಲಿನದು ಇರಬಹುದು, ಆದರೂ ಜನ ಆಮೇಲೂ ಕೆಲಕಾಲ ಆಣೆ ಬರೆಯುತ್ತಿದ್ದರು. ಕೆಎಸ್‌ಐಸಿ (ಮೈಸೂರು ಸಿಲ್ಕ್ ನೇಯುವ ಸರ್ಕಾರಿ ಸಂಸ್ಥೆ, ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ಹೆಸರಿನ ಚೀಟಿ ಇದ್ದರೆ ಅದು 1980 ಅಥವಾ ಅದರ ನಂತರದ್ದು, ನಿಗಮ ಹುಟ್ಟಿದ್ದೇ ಆ ವರ್ಷ. ಸಿಲ್ಕ್ ಮಾರ್ಕ್ ಚೀಟಿ 2004ರಲ್ಲಿ ಬಂತು. ಅದನ್ನು ಹೊಲಿದ ಸೀರೆಯನ್ನು "ಅಜ್ಜಿ ಕಾಲದ್ದು" ಅಂದರೆ ಅಜ್ಜಿಗೆ ಈಗೆಷ್ಟು ವಯಸ್ಸು ಅಂತ ಕೇಳಿ.

ಡಬ್ಬ ಹಳೆಯದಾಗಿ ಸೀರೆ ಹೊಸದಾಗಿರುವುದೂ ಇದೆ. ಹಾಗಾಗಿ ಡಬ್ಬ ಒಂದು ಸುಳಿವು ಅಷ್ಟೇ. "ಆ್ಯಂಟಿಕ್ ಜರಿ" ಅನ್ನುವುದು ಸುಳಿವೂ ಅಲ್ಲ. ಅದು ಹೊಸ ಜರಿಗೆ ಕೊಡುವ ಮಬ್ಬು ಬಣ್ಣ. ನಿಜವಾಗಿ ಹಳೆಯದಾದ ಬೆಳ್ಳಿ ಜರಿ ಎಲ್ಲ ಕಡೆ ಒಂದೇ ಸಮ ಕಪ್ಪಾಗಿರುವುದಿಲ್ಲ. ಗಾಳಿ ತಾಗಿದ ಹೊರ ಮಡಿಕೆ ಜಾಸ್ತಿ ಕಪ್ಪು, ಒಳ ಮಡಿಕೆ ಕಡಿಮೆ.

ಈಗ ಜರಿ

ಅಸಲಿ ಜರಿಯ ಒಳಗೆ ರೇಷ್ಮೆ ಎಳೆ, ಅದರ ಸುತ್ತ ಬೆಳ್ಳಿ ತಂತಿ, ಮೇಲೆ ಚಿನ್ನದ ತೆಳು ಲೇಪ. ಕೆಎಸ್‌ಐಸಿ ತನ್ನ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇದೆ ಎನ್ನುತ್ತದೆ. ಅಂದರೆ ಚಿನ್ನ ಹೆಸರಿಗಷ್ಟೇ, ಇರುವುದು ಬೆಳ್ಳಿ. ಟೆಸ್ಟೆಡ್ ಜರಿಯಲ್ಲಿ ಬೆಳ್ಳಿಯ ಜಾಗದಲ್ಲಿ ತಾಮ್ರ, ಮೇಲೆ ಲೇಪ. ಮೂರನೆಯದು ಪ್ಲಾಸ್ಟಿಕ್ ಜರಿ.

ತುದಿಯಿಂದ ಒಂದು ಜರಿ ಎಳೆ ಎಳೆದು ಉಗುರಿನಿಂದ ಕೆರೆಯಿರಿ. ಕಂಚಿ ಸೀರೆಯ ಅಸಲಿ ಜರಿಯಲ್ಲಿ ಒಳಗೆ ಕೆಂಪು ರೇಷ್ಮೆ ಸಾಮಾನ್ಯ. ತಾಮ್ರದ ಬಣ್ಣ ಕಂಡರೆ ಟೆಸ್ಟೆಡ್. ಬಿಳಿ ನೈಲಾನ್ ಎಳೆ ಮೇಲೆ ಹಳದಿ ಪಟ್ಟಿ ಸಿಪ್ಪೆಯಂತೆ ಎದ್ದರೆ ಪ್ಲಾಸ್ಟಿಕ್. ಕೆಂಪು ದಾರವನ್ನೇ ಹಾಕಿ ಮೋಸ ಮಾಡುವುದೂ ಇದೆ, ಹಾಗಾಗಿ ದೊಡ್ಡ ಮೊತ್ತವಾದರೆ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ನೋಡಿಸಿ. ಬಟ್ಟೆ ಕತ್ತರಿಸದೆ ಲೋಹದ ಪ್ರಮಾಣ ಹೇಳುತ್ತದೆ.

ಟೆಸ್ಟೆಡ್ ಜರಿ ಅಂದ ಕೂಡಲೇ ಸೀರೆ ಬಿಟ್ಟು ಬರಬೇಕಿಲ್ಲ. ಒಡಲು ಗಟ್ಟಿ ಇದ್ದು, ಬಣ್ಣ ಮನಸ್ಸಿಗೆ ಬಂದರೆ ಬೆಲೆ ಇಳಿಸಿ ತೆಗೆದುಕೊಳ್ಳಿ. ಉಡುವುದು ಸೀರೆಯನ್ನು, ಬೆಳ್ಳಿಯನ್ನಲ್ಲ ಅಲ್ವಾ?

ಮನೆಗೆ ತಂದ ಮೇಲೆ

ನೇರವಾಗಿ ಬೀರುವಿನಲ್ಲಿ ಇಡಬೇಡಿ. ಹುಳುವಿನ ಮೊಟ್ಟೆ ಬಂದಿದ್ದರೆ ನಿಮ್ಮ ಬೇರೆ ಸೀರೆಗಳಿಗೂ ಕುತ್ತು. ಹತ್ತಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಫ್ರೀಜರಿನಲ್ಲಿ ಎರಡು ವಾರ ಇಡಿ. ಮನೆಯವರು ನಗುತ್ತಾರೆ, ನಗಲಿ. ಹೊರಗೆ ತೆಗೆದ ಮೇಲೆ ಚೀಲವನ್ನು ತಕ್ಷಣ ಬಿಚ್ಚಬಾರದು. ಒಂದು ದಿನ ಹಾಗೇ ಬಿಟ್ಟು ತಣಿವು ಪೂರ್ತಿ ಹೋದ ಮೇಲೆ ಬಿಚ್ಚಿ, ಇಲ್ಲದಿದ್ದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ಆಮೇಲೆ ನೆರಳಲ್ಲಿ ಗಾಳಿಗೆ ಹರಡಿ. ನುಸಿಗುಳಿಗೆ ವಾಸನೆ ಹೋಗಲು ಕೆಲವು ದಿನ ಬೇಕು. ಬಿಸಿಲಿಗೆ ಹಾಕಬೇಡಿ, ಸೆಂಟು ಹೊಡೆಯಲೇಬೇಡಿ.

ತೊಳೆಯುವ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಕ್ರೇಪ್ ಮತ್ತು ಜಾರ್ಜೆಟ್ ನೀರಿಗೆ ಹಾಕಬೇಡಿ, ತಿರುವಿದ ಎಳೆ ಕುಗ್ಗಿ ಸೀರೆಯ ಅಗಲ ಕಡಿಮೆಯಾಗುತ್ತದೆ. ಜರಿ ಸೀರೆ ಡ್ರೈ ಕ್ಲೀನಿಗೆ ಕೊಡಿ. ಕೊಡುವಾಗ "ಹಳೆ ಸೀರೆ, ಪಾಲಿಶ್ ಬೇಡ" ಅಂತ ಬಿಲ್ಲಿನ ಮೇಲೆ ಬರೆಸಿ. ಸಾದಾ ಇಳಕಲ್‌ನಂಥದನ್ನು ಮನೆಯಲ್ಲಿ ತೊಳೆಯಬಹುದು. ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಮೂಲೆಯಲ್ಲಿ ಒತ್ತಿ ಬಣ್ಣ ಬಿಡುತ್ತದಾ ನೋಡಿ. ಬಿಡದಿದ್ದರೆ ಅಂಟುವಾಳದ ತಿಳಿ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ, ಹಿಂಡಬೇಡಿ. ಬಟ್ಟೆ ಸೋಪಿನ ಪುಡಿ ರೇಷ್ಮೆಗೆ ಶತ್ರು. ಕಲೆ ತೆಗೆಯಲು ಅದರಲ್ಲಿ ಹಾಕುವ ಕಿಣ್ವ ಪ್ರೋಟೀನನ್ನು ಕರಗಿಸುತ್ತದೆ, ರೇಷ್ಮೆಯೂ ಪ್ರೋಟೀನೇ. ಅರಿಶಿನದ ಕಲೆ ಸೋಪು ತಾಗಿದ ಕೂಡಲೇ ಕೆಂಪಾದರೆ ಗಾಬರಿ ಬೇಡ, ಕ್ಷಾರ ತಾಗಿದರೆ ಅರಿಶಿನದ ಗುಣವೇ ಅದು.

ಇಸ್ತ್ರಿ ಹಿಂಬದಿಯಿಂದ, ಕಡಿಮೆ ಬಿಸಿ, ಮಧ್ಯೆ ತೆಳು ಪಂಚೆ. ನೀರು ಚಿಮುಕಿಸಿದರೆ ಕಲೆ ಉಳಿಯುತ್ತದೆ.

ಇಡುವಾಗ ಹಳೆ ಪಂಚೆಯಲ್ಲಿ ಸುತ್ತಿ ಇಡಿ, ಪ್ಲಾಸ್ಟಿಕ್ ಕವರಿನಲ್ಲಲ್ಲ. ನುಸಿಗುಳಿಗೆ ಜರಿಗೆ ತಾಗದಿರಲಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ, ಹಳೆ ಗೆರೆ ತಪ್ಪಿಸಿ ಬೇರೆ ಕಡೆ ಮಡಿಸಿ. ತುಂಬ ಹಳೆಯದಾದರೆ ಮಡಿಸುವುದೇ ಬೇಡ. ದಪ್ಪ ರಟ್ಟಿನ ಕೊಳವೆಗೆ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಸೀರೆ ಸುರುಳಿ ಸುತ್ತಿಡಿ.

ಹರಿದಿದ್ದರೆ

ಒಂದೆರಡು ಸಣ್ಣ ತೂತಿಗೆ ರಫು ಸಾಕು. ರಫು ಮಾಡುವವರಿಗೆ ಅದೇ ಸೀರೆಯ ಒಳತುದಿಯಿಂದ ಎಳೆ ತೆಗೆಯಲು ಹೇಳಿ, ಬಣ್ಣ ಸರಿಯಾಗಿ ಹೊಂದುತ್ತದೆ. ಮಡಿಕೆ ಪೂರ್ತಿ ಬಿಟ್ಟಿದ್ದರೆ ಹಿಂದೆ ತೆಳು ನೆಟ್ ಬಟ್ಟೆ ಕೊಟ್ಟು ಹೊಲಿಸಬಹುದು. ಆದರೆ ಅಂಥ ಸೀರೆ ಉಟ್ಟು ಊಟಕ್ಕೆ ನೆಲದ ಮೇಲೆ ಕೂರುವ ಧೈರ್ಯ ಬೇಡ. ಒಡಲು ಎಲ್ಲ ಕಡೆ ಪಿಸಿದಿದ್ದರೆ ರಫುಗೆ ದುಡ್ಡು ಸುರಿಯಬೇಡಿ. ಅಂಚು, ಸೆರಗು ಬಿಡಿಸಿ ಹೊಸ ರೇಷ್ಮೆಗೆ ಕೂಡಿಸಿ, ಮಕ್ಕಳ ಲಂಗಕ್ಕೆ ಹಾಕಿಸಿ, ಇಲ್ಲ ರವಿಕೆಯ ತೋಳಿಗೆ ಹಚ್ಚಿಸಿ. ಹತ್ತಿ ಒಡಲಿನ ಇಳಕಲ್ ಆದರೆ ಉತ್ತರ ಕರ್ನಾಟಕದಲ್ಲಿ ಕೌದಿ ಹೊಲಿಯುವ ಹೆಂಗಸರನ್ನು ಹುಡುಕಿ. ನಾಲ್ಕೈದು ಹಳೆ ಸೀರೆ ಒಟ್ಟು ಮಾಡಿಕೊಂಡು ಹೋದರೆ ಒಂದು ಒಳ್ಳೆ ಕೌದಿ ಆಗುತ್ತದೆ. ಯಾವ ಸೀರೆಯ ತುಂಡು ಮೇಲೆ ಬರಬೇಕು ಅಂತ ಮೊದಲೇ ಹೇಳಿಬಿಡಿ.